ಬೀದಿ ದೀಪದ ಕಂಬಕ್ಕೆ ಸಣ್ಣ ಆಂಟೆನಾವೋ, ಗುಡ್ಡದ ಮೇಲೆ ಟವರೋ, ಮನೆಗೆ ಫೈಬರೋ? ಕಾಸರಗೋಡಿನವರಿಗೆ ಒಂದು ಹೋಲಿಕೆ

ರೇಂಜ್ ಸಾಲುವುದಿಲ್ಲ ಎಂಬ ದೂರು ಈಗ ನಮ್ಮ ಕಡೆ ಎಲ್ಲ ಸಭೆಗಳಲ್ಲೂ ಏಳುತ್ತದೆ. ವ್ಯಾಪಾರಿಗಳ ಸಭೆ ಇರಲಿ, ಗ್ರಾಮಸಭೆ ಇರಲಿ, ಫ್ಲ್ಯಾಟಿನ ಮೀಟಿಂಗ್ ಇರಲಿ. ಪರಿಹಾರ ಏನು ಅಂತ ಕೇಳಿದರೆ ಮಾತು ನಾಲ್ಕು ಕಡೆ ಹೋಗುತ್ತದೆ. ಬೀದಿ ದೀಪದ ಕಂಬಗಳಿಗೆ ಸಣ್ಣ ಸಣ್ಣ ಆಂಟೆನಾ ಹಾಕಲಿ ಅಂತ ಒಬ್ಬರು. ಹಾಕುವುದಾದರೆ ಒಂದು ಒಳ್ಳೆಯ ಟವರೇ ಹಾಕಲಿ ಅಂತ ಇನ್ನೊಬ್ಬರು. ನಮ್ಮ ಕಟ್ಟಡದ ತಾರಸಿ ಕೊಡ್ತೇನೆ, ನಾಲ್ಕು ಕಾಸು ಬಾಡಿಗೆಯೂ ಬರುತ್ತದೆ ಅಂತ ಮತ್ತೊಬ್ಬರು. ಇದ್ಯಾವುದೂ ಬೇಡ, ಮನೆಗೆ ಫೈಬರ್ ಇದ್ದರೆ ಸಾಕಲ್ವಾ ಅಂತ ಕೊನೆಯವರು. ನಿರ್ಧಾರ ಮಾಡಬೇಕಾದ ವಾರ್ಡ್ ಮೆಂಬರ್, ಅಸೋಸಿಯೇಶನ್ ಕಾರ್ಯದರ್ಶಿ, ಕಟ್ಟಡದ ಮಾಲೀಕರು ನಡುವೆ ಸಿಕ್ಕಿಬೀಳುತ್ತಾರೆ.

ಫೈಬರ್ ಎಳೆಯುವ, ಜೋಡಿಸುವ ಕೆಲಸ ನನ್ನದು. ಕಂಬ, ಲೈನು, ಜಾಯಿಂಟ್ ಬಾಕ್ಸು ದಿನಾ ಕೈಗೆ ಸಿಗುವ ವಸ್ತುಗಳು. ಆ ಅನುಭವದಿಂದ ಹೇಳುವುದಾದರೆ, ಜನ ಆಂಟೆನಾದ ಬಗ್ಗೆ ಎಷ್ಟು ಮಾತಾಡುತ್ತಾರೋ ಅದರ ಅರ್ಧದಷ್ಟನ್ನಾದರೂ ಅದರ ಕೆಳಗೆ ಬರುವ ಕರೆಂಟು, ಫೈಬರು, ಕಂಬದ ಬಗ್ಗೆ ಮಾತಾಡಬೇಕು. ಸೋಲುವುದು, ಗೆಲ್ಲುವುದು ಅಲ್ಲೇ.

ಮೊದಲು ನಿಮ್ಮಲ್ಲಿ ಕೊರತೆ ಯಾವುದು ನೋಡಿ

ರೇಂಜ್ ಇಲ್ಲ ಅಂತ ನಾವು ಹೇಳುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದು, ಸಿಗ್ನಲ್ಲೇ ತಲುಪದಿರುವುದು. ಇನ್ನೊಂದು, ಸಿಗ್ನಲ್ ತುಂಬ ಇದ್ದೂ ನೆಟ್ ಓಡದಿರುವುದು. ಎರಡಕ್ಕೂ ಮದ್ದು ಬೇರೆ.

ಪತ್ತೆ ಮಾಡುವುದು ಸುಲಭ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. ಅದು ಮೈನಸ್ ಸಂಖ್ಯೆ. ಮೈನಸ್ 90 ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇದ್ದರೆ ಚೆನ್ನಾಗಿದೆ. ಮೈನಸ್ 105ರ ಆಸುಪಾಸು ಇದ್ದರೆ ದುರ್ಬಲ. ಮೈನಸ್ 115 ದಾಟಿದರೆ ಕಾಲ್ ನಿಲ್ಲುವುದೇ ಕಷ್ಟ. ಇದನ್ನು ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಜನ ಸೇರುವ ಹೊತ್ತಿಗೆ ಒಮ್ಮೆ ನೋಡಿ. ಅಂಗಳದಲ್ಲಿ ಒಮ್ಮೆ, ಒಳಗಿನ ಕೋಣೆಯಲ್ಲಿ ಒಮ್ಮೆ ನೋಡಿ. ಹತ್ತು ಮನೆಯವರು ಬರೆದಿಟ್ಟರೆ ಸಾಕು, ಕಂಪನಿಯವರ ಮುಂದೆ ಇಡಲು ಗಟ್ಟಿ ಕಾಗದ ಆಯಿತು.

ಬೆಳಿಗ್ಗೆ ನೆಟ್ ಚೆನ್ನಾಗಿದ್ದು ಸಂಜೆ ಸಿಗ್ನಲ್ ಹಾಗೇ ಇದ್ದೂ ನೆಟ್ ತೆವಳಿದರೆ, ಅದು ಜನಸಂದಣಿಯ ಸಮಸ್ಯೆ. ಒಂದೇ ಟವರನ್ನು ತುಂಬಾ ಫೋನುಗಳು ಹಂಚಿಕೊಳ್ಳುತ್ತಿವೆ. ಕಾಸರಗೋಡು ಹೊಸ ಬಸ್ ನಿಲ್ದಾಣ, ಎಂ.ಜಿ. ರಸ್ತೆ, ಉಪ್ಪಳ ಪೇಟೆ, ಕುಂಬಳೆ ಪೇಟೆ ಇಂಥ ಜಾಗಗಳು. ಅಂಗಳದಲ್ಲಿ ಚೆನ್ನಾಗಿದ್ದು ಒಳಗೆ ಬಂದಾಗ ಬಿದ್ದುಹೋದರೆ ಅದು ಗೋಡೆಯ ಸಮಸ್ಯೆ. ನಮ್ಮ ಮುರಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಅದರ ಮೇಲೆ ಮಳೆಗೆ ಹಾಕಿದ ತಗಡಿನ ಶೀಟ್. ತಗಡು ಮೇಲಿನಿಂದ ಬರುವ ಸಿಗ್ನಲ್ ಅನ್ನು ಒಳಗೆ ಬಿಡುವುದಿಲ್ಲ. ಅಂಗಳದಲ್ಲೂ ಇಲ್ಲ, ರಸ್ತೆಯಲ್ಲೂ ಇಲ್ಲ ಅಂದರೆ ಗುಡ್ಡ ಅಡ್ಡ ಬಂದಿದೆ. ಪೆರ್ಲ, ಬಾಯಾರು, ಮುಳ್ಳೇರಿಯ ಕಡೆಯ ಅಡಿಕೆ ತೋಟದ ಮನೆಗಳು ಹೆಚ್ಚಾಗಿ ಹೀಗೆ. ತೋಟ ಇರುವುದು ಬಯಲಿನ ತಗ್ಗಿನಲ್ಲಿ, ಸಿಗ್ನಲ್ ಹೋಗುವುದು ತಲೆಯ ಮೇಲಿಂದ.

ಇದರ ಜೊತೆಗೆ ಯಾವ ಬ್ಯಾಂಡ್, ಅಂದರೆ ಸಿಗ್ನಲ್ ಓಡುವ ತರಂಗಗಳ ಯಾವ ಶ್ರೇಣಿ, ಅನ್ನುವುದೂ ಸೇರುತ್ತದೆ. 700, 900 ಮೆಗಾಹರ್ಟ್ಜ್ ದೂರ ಹೋಗುತ್ತದೆ, ಗೋಡೆಯನ್ನೂ ಒಂದಷ್ಟು ದಾಟುತ್ತದೆ. 2022ರ ಅಕ್ಟೋಬರ್ 1ರಂದು ದೇಶದಲ್ಲಿ ಶುರುವಾದ 5ಜಿಯ ವೇಗ ಮುಖ್ಯವಾಗಿ ಬರುವುದು 3.3 ಗಿಗಾಹರ್ಟ್ಜ್ ಬ್ಯಾಂಡ್‌ನಿಂದ. ಅದು ವೇಗವಾದರೂ ದೂರ ಹೋಗುವುದಿಲ್ಲ, ಗೋಡೆಗೆ ಸೋಲುತ್ತದೆ. ಆಂಟೆನಾವನ್ನು ಜನರ ಹತ್ತಿರ ತರಬೇಕು ಎಂಬ ಮಾತು ಎದ್ದಿದ್ದೇ ಇದರಿಂದ.

ಹಾಗಾಗಿ ಹೋಲಿಸುವಾಗ ನಾನು ನೋಡುವುದು ಇಷ್ಟು: ಕೊರತೆ ಯಾವ ಜಾತಿಯದ್ದು, 24 ಗಂಟೆ ಕರೆಂಟ್ ಸಿಗುತ್ತದಾ, ಫೈಬರ್ ಅಲ್ಲಿವರೆಗೆ ಬಂದಿದೆಯಾ, ಜೂನ್‌ನಿಂದ ನವೆಂಬರ್‌ವರೆಗಿನ ಮಳೆ ಸಿಡಿಲು ತಡೆಯುತ್ತದಾ, ಕಿಟಕಿಗೆ ಎಷ್ಟು ಹತ್ತಿರ, ಎಲ್ಲ ಕಂಪನಿಯವರಿಗೂ ಉಪಯೋಗ ಆಗುತ್ತದಾ, ಕೆಟ್ಟರೆ ಯಾರು ಬರುತ್ತಾರೆ, ದುಡ್ಡು ಯಾರದ್ದು.

ಬೀದಿ ದೀಪದ ಕಂಬದ ಮೇಲಿನ ಸಣ್ಣ ಆಂಟೆನಾ

ಇದನ್ನು ಸ್ಮಾಲ್ ಸೆಲ್ ಅನ್ನುತ್ತಾರೆ. ಒಂದು ಡಬ್ಬಿ, ಒಂದು ಅಥವಾ ಎರಡು ಚಪ್ಪಟೆ ಆಂಟೆನಾ. ನೆಲದಿಂದ ಆರೇಳು ಮೀಟರ್ ಎತ್ತರದಲ್ಲಿ ಕೂರುತ್ತದೆ. ಔಟ್‌ಪುಟ್ ಕೆಲವೇ ವ್ಯಾಟ್. ಸುತ್ತಲಿನ ನೂರಿನ್ನೂರು ಮೀಟರ್ ನೋಡಿಕೊಳ್ಳುತ್ತದೆ. ಲಾಸ್ ಏಂಜಲೀಸ್ ನಗರದಲ್ಲಿ 2015ರಲ್ಲೇ ದೀಪದ ಕಂಬದೊಳಗೆ ಇಂಥದ್ದನ್ನು ಸೇರಿಸುವ ಕೆಲಸ ಶುರುವಾಗಿತ್ತು. ನಮ್ಮ ದೇಶದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ದೆಹಲಿ ವಿಮಾನ ನಿಲ್ದಾಣ, ಕಾಂಡ್ಲಾದ ದೀನದಯಾಳ್ ಬಂದರು, ಬೆಂಗಳೂರಿನ ನಮ್ಮ ಮೆಟ್ರೋ, ಭೋಪಾಲ್ ಸ್ಮಾರ್ಟ್ ಸಿಟಿ ಈ ನಾಲ್ಕು ಕಡೆ ಪ್ರಯೋಗ ಮಾಡಿಸಿ, 2022ರ ನವೆಂಬರ್‌ನಲ್ಲಿ ಶಿಫಾರಸು ಕೊಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಬೀದಿಯ ಕಂಬಗಳನ್ನು ಇದಕ್ಕೆ ಬಳಸುವ ದಾರಿ ಮಾಡಿಕೊಟ್ಟಿತ್ತು. ಈಗ 2023ರ ದೂರಸಂಪರ್ಕ ಕಾಯ್ದೆಯ ಕೆಳಗೆ ಹೊಸ ರೈಟ್ ಆಫ್ ವೇ ನಿಯಮಗಳು (ಕೇಬಲ್, ಆಂಟೆನಾ ಹಾಕಲು ಜಾಗ ಬಳಸುವ ಅನುಮತಿಯ ನಿಯಮಗಳು) 2025ರ ಜನವರಿ 1ರಿಂದ ಜಾರಿಯಲ್ಲಿವೆ.

ಸಂದಣಿಯ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಪೇಟೆಯ ಒಂದು ಕಿಲೋಮೀಟರ್ ಉದ್ದಕ್ಕೆ ಐದಾರು ಕಂಬದಲ್ಲಿ ಕೂರಿಸಿದರೆ ಆ ಬೀದಿಯ ಫೋನುಗಳೆಲ್ಲ ದೊಡ್ಡ ಟವರಿನಿಂದ ಇಳಿದು ಇವುಗಳಿಗೆ ಹಂಚಿಹೋಗುತ್ತವೆ. ಹಿಂದೆ ಇರುವ ಮನೆಗಳಿಗೂ ಟವರ್ ಹಗುರಾಗುತ್ತದೆ. ಜಾಗ ಕೊಳ್ಳಬೇಕಾಗಿಲ್ಲ, ಹೊಸ ಕಂಬ ನೆಡಬೇಕಾಗಿಲ್ಲ.

ಇನ್ನು ತೊಡಕು. ಮೊದಲನೆಯದು ಕರೆಂಟ್. ದೀಪಕ್ಕೆ ಕರೆಂಟ್ ಇದೆಯಲ್ಲ, ಅಲ್ಲಿಂದಲೇ ಕೊಟ್ಟರಾಯ್ತು ಅಂತ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಕಂಬಗಳಲ್ಲಿ ಮನೆಗಳಿಗೆ ಹೋಗುವ ಫೇಸ್ ತಂತಿಗಳ ಜೊತೆ ಬೀದಿ ದೀಪಕ್ಕೇ ಅಂತ ಒಂದು ಪ್ರತ್ಯೇಕ ತಂತಿ ಇರುತ್ತದೆ. ಸಂಜೆ ಸ್ವಿಚ್ ಹಾಕಿದಾಗ ಅದಕ್ಕೆ ಕರೆಂಟ್ ಬರುತ್ತದೆ, ಬೆಳಿಗ್ಗೆ ಆಫ್. ಹಗಲಿಡೀ ಅದು ಸತ್ತ ತಂತಿ. ಆಂಟೆನಾಕ್ಕೆ ಹಗಲೂ ರಾತ್ರಿ ಕರೆಂಟ್ ಬೇಕು. ಅಂದರೆ ಬೇರೆ ಫೇಸಿನಿಂದ ಬೇರೆ ಕನೆಕ್ಷನ್, ಬೇರೆ ಮೀಟರ್, ಕಂಬದ ಬುಡದಲ್ಲಿ ಅದಕ್ಕೊಂದು ಪೆಟ್ಟಿಗೆ.

ಮೀಟರ್ ಯಾಕೆ ಬೇಕು ಅಂತ ಲೆಕ್ಕ ಹಾಕಿ. ಉಪಕರಣ 150 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108 ಯೂನಿಟ್. 36 ವ್ಯಾಟಿನ ಎಲ್‌ಇಡಿ ದೀಪ ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ 13 ಯೂನಿಟ್. ಒಂದು ಆಂಟೆನಾ ಎಂಟು ದೀಪಗಳಷ್ಟು ಕರೆಂಟ್ ತಿನ್ನುತ್ತದೆ. ಬೀದಿ ದೀಪದ ಬಿಲ್ ಕಟ್ಟುವುದು ಪಂಚಾಯತ್ ಅಥವಾ ನಗರಸಭೆ, ಅಂದರೆ ನಮ್ಮದೇ ತೆರಿಗೆ. ಮೀಟರ್ ಬೇರೆ ಇಲ್ಲದಿದ್ದರೆ ಬಿಲ್ ನಮ್ಮ ಮೇಲೆ ಬರುತ್ತದೆ.

ಕರೆಂಟ್ ಹೋದರೆ? ದೊಡ್ಡ ಟವರಿನಲ್ಲಿ ಬ್ಯಾಟರಿ ಸಾಲು ಇರುತ್ತದೆ, ಹಲವು ಕಡೆ ಜನರೇಟರೂ ಇರುತ್ತದೆ. ಕಂಬದ ಡಬ್ಬಿಯಲ್ಲಿ ಅಷ್ಟು ಜಾಗ ಇಲ್ಲ. ಸಣ್ಣ ಬ್ಯಾಟರಿ ಇಟ್ಟರೂ ಒಂದೆರಡು ಗಂಟೆಯ ಮಾತು. ಆಟಿಯ ಗಾಳಿಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಅರ್ಧ ದಿನ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಆ ಹೊತ್ತಿಗೆ ಫೋನುಗಳು ಮತ್ತೆ ಹಳೆಯ ಟವರಿಗೇ ಹೋಗಬೇಕು. ಆದ್ದರಿಂದ ಸುತ್ತ ಟವರ್ ಇಲ್ಲದ ಜಾಗದಲ್ಲಿ ಸಣ್ಣ ಆಂಟೆನಾವನ್ನೇ ನಂಬಿ ಕೂರಬಾರದು. ತುರ್ತಿಗೆ ಫೋನ್ ಬೇಕಾಗುವುದೇ ಅಂಥ ದಿನ.

ಎರಡನೆಯದು ಫೈಬರ್. ಪ್ರತಿ ಡಬ್ಬಿಗೂ ಕೆಳಗಿನಿಂದ ಫೈಬರ್ ಬರಬೇಕು. ಗಾಳಿಯಲ್ಲೇ ಲಿಂಕ್ ಕೊಡಬಹುದು, ಆದರೆ ಸಂದಣಿಯ ಬೀದಿಯಲ್ಲಿ ಅದು ಕೊನೆಯ ಆಯ್ಕೆ. ಕೇರಳದಲ್ಲಿ ನಮಗೆ ಒಂದು ಅನುಕೂಲ ಇದೆ. 2023ರ ಜೂನ್ 5ರಂದು ಉದ್ಘಾಟನೆಯಾದ, ಕೇರಳ ಸರ್ಕಾರದ ಫೈಬರ್ ಜಾಲ ಕೆ-ಫೋನ್‌ನ ಕೇಬಲ್ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಕಂಬಗಳ ಮೇಲೇ ಹಾದುಹೋಗಿದೆ. ಸ್ಥಳೀಯ ಕೇಬಲ್ ಆಪರೇಟರುಗಳ ಫೈಬರೂ ಪೇಟೆಗಳಲ್ಲಿ ದಟ್ಟವಾಗಿದೆ. ನಿಮ್ಮ ರಸ್ತೆಯ ಕಂಬ ನೋಡಿ. ತೆಳು ಕಪ್ಪು ಕೇಬಲ್‌ಗಳು, ಸುರುಳಿ ಸುತ್ತಿ ಕಟ್ಟಿದ ಉಳಿಕೆ, ಉದ್ದನೆಯ ಕಪ್ಪು ಡಬ್ಬಿ ಕಂಡರೆ ಫೈಬರ್ ಅಲ್ಲಿವರೆಗೆ ಬಂದಿದೆ ಅಂತ ಅರ್ಥ.

ಮೂರನೆಯದು ಕಂಬವೇ. ಮಲ್ಲಿಗೆ ಬಳ್ಳಿ ಹಬ್ಬಿಸಿದ ಹಾಗೆ ಒಂದೊಂದು ಕಂಬಕ್ಕೂ ಈಗ ಏನೇನೋ ಹಬ್ಬಿದೆ. ಮೇಲಿಂದ ಕೆಳಗೆ ಬರೋಣ: ಲೈನ್ ತಂತಿಗಳು, ಪಿಂಗಾಣಿ ಇನ್ಸುಲೇಟರ್, ದೀಪದ ತೋಳು, ಟಿವಿ ಕೇಬಲ್, ನಾಲ್ಕೈದು ಫೈಬರ್, ಎರಡು ಜಾಯಿಂಟ್ ಬಾಕ್ಸ್, ಯಾರದ್ದೋ ಸಿಸಿಟಿವಿ, ಹಳೆಯ ಫ್ಲೆಕ್ಸಿನ ತಂತಿ. ಇದರ ನಡುವೆ ಹತ್ತು ಹದಿನೈದು ಕಿಲೋ ಡಬ್ಬಿ. ತೂಕಕ್ಕಿಂತ ಗಾಳಿಯ ಒತ್ತಡ ದೊಡ್ಡದು. ನಮ್ಮ ಹೆಚ್ಚಿನ ಕಂಬಗಳು ಒಳಗೆ ಬಿಗಿದ ತಂತಿ ಇರುವ ಕಾಂಕ್ರೀಟ್ ಕಂಬ. ಅದಕ್ಕೆ ಡ್ರಿಲ್ ಹೊಡೆಯಲೇ ಬಾರದು, ಕ್ಲ್ಯಾಂಪ್ ಹಾಕಿ ಬಿಗಿಯಬೇಕು. ಬುಡದಲ್ಲಿ ಸಿಮೆಂಟ್ ಉದುರಿ ಕಬ್ಬಿಣ ಕಾಣುವ ಕಂಬ ಇದ್ದರೆ ಅದನ್ನು ಬಿಟ್ಟುಬಿಡಿ. ಅಗಲವಾದ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಉಕ್ಕಿನ ಕಂಬಗಳು ಇದಕ್ಕೆ ಹೆಚ್ಚು ಹೊಂದುತ್ತವೆ. ಅಲ್ಲಿ ಲೈನ್ ತಂತಿಯ ಗೊಡವೆ ಇಲ್ಲ, ಕೇಬಲ್ ಒಳಗಿಂದ ಬರಬಹುದು. ಆದರೆ ಅದರ ಅನುಮತಿ ಹೆದ್ದಾರಿಯವರದ್ದು. ಊರೊಳಗಿನ ಕಂಬ ಕೆಎಸ್‌ಇಬಿಯದ್ದು, ದೀಪ ಸ್ಥಳೀಯ ಸಂಸ್ಥೆಯದ್ದು. ಯಾರ ಕಂಬ ಅಂತ ಗೊತ್ತಿಲ್ಲದೆ ಅರ್ಜಿ ಹಾಕಿದರೆ ಸುಮ್ನೆ ಅಲೆದಾಟ.

ಲೈನ್‌ಮ್ಯಾನ್‌ಗಳನ್ನು ಮರೆಯಬಾರದು. ರಾತ್ರಿ ಮಳೆಯಲ್ಲಿ ಕಂಬ ಹತ್ತುವವರು ಅವರು. ಆಂಟೆನಾದ ಮುಖದ ಎದುರು ಕೈಯಳತೆಯಲ್ಲಿ ಕೆಲಸ ಮಾಡುವ ಮೊದಲು ಅದನ್ನು ಆಫ್ ಮಾಡುವ ಸ್ವಿಚ್ ಕೆಳಗೆ, ಕೈಗೆ ಸಿಗುವಂತೆ ಇರಬೇಕು. ಅದಿಲ್ಲದ ಯೋಜನೆಗೆ ನಾನಂತೂ ಒಪ್ಪಿಗೆ ಕೊಡಿ ಅನ್ನುವುದಿಲ್ಲ.

ರೇಡಿಯೇಶನ್ ಭಯದ ಬಗ್ಗೆ ಸ್ವಲ್ಪ ನಿಧಾನವಾಗಿ

ಈ ಭಯವನ್ನು ನಕ್ಕು ತಳ್ಳಿಹಾಕುವುದು ತಪ್ಪು. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆ ನಮ್ಮದು. ಸುರಕ್ಷಿತ ಅಂತ ಮೇಲಿನವರು ಹೇಳಿದ್ದನ್ನು ಜನ ಪ್ರಶ್ನೆ ಮಾಡುವುದಕ್ಕೆ ಇಲ್ಲಿ ಕಾರಣ ಇದೆ. ಆದ್ದರಿಂದ ಲೆಕ್ಕವನ್ನೇ ನೋಡೋಣ.

ಭಾರತದಲ್ಲಿ 2012ರ ಸೆಪ್ಟೆಂಬರ್‌ನಿಂದ ಆಂಟೆನಾ ವಿಕಿರಣದ ಮಿತಿ, ವಿಕಿರಣ ಸುರಕ್ಷತೆಯ ಅಂತಾರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ ಹೇಳಿದ ಮಿತಿಯ ಹತ್ತರಲ್ಲಿ ಒಂದು ಪಾಲು. 2 ಗಿಗಾಹರ್ಟ್ಜ್‌ಗಿಂತ ಮೇಲಿನ ಬ್ಯಾಂಡಿಗೆ ಅದು ಚದರ ಮೀಟರಿಗೆ 1 ವ್ಯಾಟ್. 900 ಮೆಗಾಹರ್ಟ್ಜ್‌ಗೆ 0.45 ವ್ಯಾಟ್. ಈಗ 5 ವ್ಯಾಟ್ ಔಟ್‌ಪುಟ್ ಇರುವ ಒಂದು ಸಣ್ಣ ಆಂಟೆನಾ ತನ್ನ ಶಕ್ತಿಯನ್ನು ಮುಂದಿನ ದಿಕ್ಕಿಗೆ ಹತ್ತು ಪಟ್ಟು ಒಟ್ಟುಗೂಡಿಸಿ ಕಳಿಸುತ್ತದೆ ಅಂತ ಇಟ್ಟುಕೊಳ್ಳಿ. ನೇರ ಎದುರು 10 ಮೀಟರ್ ದೂರದಲ್ಲಿ ಚದರ ಮೀಟರಿಗೆ ಸುಮಾರು 0.04 ವ್ಯಾಟ್. 3 ಮೀಟರ್ ದೂರದಲ್ಲಿ ಸುಮಾರು 0.44. 2 ಮೀಟರ್ ದೂರದಲ್ಲಿ ಹತ್ತಿರ ಹತ್ತಿರ 1. ಅಂದರೆ ಮಿತಿಯ ಅಂಚು.

ರಸ್ತೆಯಲ್ಲಿ ನಡೆಯುವವರಿಗೆ, ಎದುರು ಸಾಲಿನ ಅಂಗಡಿಗಳಿಗೆ ಇದು ಚಿಂತೆಯ ವಿಷಯ ಅಲ್ಲ ಅಂತ ಈ ಅಂಕಿಯೇ ಹೇಳುತ್ತದೆ. ಆದರೆ ಕಂಬಕ್ಕೆ ತಾಗಿದಂತೆ ಮೊದಲ ಮಹಡಿಯ ಕಿಟಕಿ ಇರುವ ಇಕ್ಕಟ್ಟಾದ ಬೀದಿಯಲ್ಲಿ ಆಂಟೆನಾದ ಮುಖ ಆ ಕಿಟಕಿಗೆ ತಿರುಗಿದ್ದರೆ ಆಕ್ಷೇಪ ನ್ಯಾಯವಾದದ್ದು. ಪರಿಹಾರವೂ ಸುಲಭ: ಬೇರೆ ಕಂಬ ಆರಿಸುವುದು, ಇಲ್ಲವೇ ಮುಖವನ್ನು ರಸ್ತೆಯ ಉದ್ದಕ್ಕೆ ತಿರುಗಿಸುವುದು. ಸಿಗ್ನಲ್ ದುರ್ಬಲ ಇರುವಲ್ಲಿ ಕೈಯಲ್ಲಿರುವ ಫೋನೇ ಜಾಸ್ತಿ ಶಕ್ತಿ ಹಾಕಿ ಕಳಿಸುತ್ತದೆ, ಅದೂ ಕಿವಿಗೆ ಅಂಟಿಕೊಂಡು. ಆಂಟೆನಾ ಹತ್ತಿರ ಇದ್ದರೆ ಫೋನ್ ತನ್ನ ಶಕ್ತಿ ತಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ 2ಬಿ ಗುಂಪಿಗೆ ಸೇರಿಸಿದಾಗ ನೋಡಿದ್ದು ಮುಖ್ಯವಾಗಿ ತಲೆಯ ಪಕ್ಕ ಇಟ್ಟ ಫೋನಿನ ಬಳಕೆಯನ್ನೇ.

ಅನುಮಾನ ಇದ್ದರೆ ಅಳೆಸಬಹುದು. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಎಂಬ ತಾಣದಲ್ಲಿ ನಿಮ್ಮ ಸುತ್ತಲಿನ ಟವರುಗಳ ವಿವರ ನೋಡಬಹುದು, ಶುಲ್ಕ ಕಟ್ಟಿ ಅಳತೆಗೆ ಕೋರಿಕೆ ಹಾಕಬಹುದು. ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಅಳೆಸಿದರೆ ಊರಿನ ಜಗಳ ಅರ್ಧ ಅಲ್ಲೇ ತಣ್ಣಗಾಗುತ್ತದೆ.

ದೊಡ್ಡ ಟವರ್

ಗುಡ್ಡದ ತಲೆಯಲ್ಲಿ ಮೂವತ್ತು ನಲವತ್ತು ಮೀಟರಿನ ಒಂದು ಟವರ್ ಮಾಡುವ ಕೆಲಸವನ್ನು ಇಪ್ಪತ್ತು ಸಣ್ಣ ಆಂಟೆನಾ ಸೇರಿದರೂ ಮಾಡಲಾರವು. ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆಯಂಥ ಗುಡ್ಡ ತಗ್ಗುಗಳ ಊರುಗಳಿಗೆ ಇದೇ ಸರಿ. ಮನೆಗಳು ದೂರ ದೂರ, ಬೀದಿ ದೀಪವೇ ವಿರಳ. ಅಲ್ಲಿ ಕಂಬದ ಆಂಟೆನಾ ಕೇಳುವುದರಲ್ಲಿ ಅರ್ಥವಿಲ್ಲ. ಟವರಿನ ಮೇಲೆ ಎರಡು ಮೂರು ಕಂಪನಿಯವರು ಹಂಚಿಕೊಂಡು ಕೂರಬಹುದು, ಬ್ಯಾಟರಿ ಇರುತ್ತದೆ, ಮಳೆಗಾಲಕ್ಕೂ ನಿಲ್ಲುತ್ತದೆ.

ತೊಂದರೆ ಏನಂದರೆ ಜಾಗ, ಜನರೇಟರ್ ಸದ್ದು, ಅಕ್ಕಪಕ್ಕದವರ ವಿರೋಧ, ಮತ್ತು ಸಮಯ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಟೆಲಿಕಾಂ ಸಮಿತಿಯವರೆಗೆ ಹೋಗುವ ತಕರಾರುಗಳಲ್ಲಿ ಟವರಿನದ್ದೇ ಜಾಸ್ತಿ. ಪೇಟೆಯ ಸಂದಣಿಗೆ ಟವರ್ ಅರ್ಧ ಮದ್ದು ಮಾತ್ರ. ಮತ್ತೊಂದು ಟವರ್ ಬಂದರೂ ಒಂದಷ್ಟು ಕಾಲದಲ್ಲಿ ಅದೂ ತುಂಬುತ್ತದೆ.

ಸಿಗ್ನಲ್ಲೇ ಇಲ್ಲದ ಊರುಗಳಿಗೆ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ 4ಜಿ ಸ್ಯಾಚುರೇಶನ್ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ಕೆಲಸ ಬಿಎಸ್ಎನ್ಎಲ್‌ನದ್ದು. ನಿಮ್ಮ ವಾರ್ಡ್ ಆ ಬಗೆಯದ್ದಾದರೆ ಖಾಸಗಿಯವರ ಹಿಂದೆ ಓಡುವ ಮೊದಲು ಬಿಎಸ್ಎನ್ಎಲ್‌ನಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ. ನಿಮ್ಮ ಜಾಗದಲ್ಲಿ ಟವರ್ ಹಾಕುತ್ತೇವೆ, ಮೊದಲು ತೆರಿಗೆ ಅಥವಾ ನೋಂದಣಿ ಶುಲ್ಕ ಕಟ್ಟಿ ಅಂತ ಫೋನ್ ಬಂದರೆ ಅದು ಮೋಸ. ಟ್ರಾಯ್ ಯಾರಿಗೂ ಟವರಿಗಾಗಿ ಎನ್‌ಒಸಿ ಕೊಡುವುದಿಲ್ಲ, ದುಡ್ಡು ಕೇಳುವುದಿಲ್ಲ. ಜಾಗ ಕೊಡುವವರು ದುಡ್ಡು ಪಡೆಯುವವರು, ಕಟ್ಟುವವರಲ್ಲ.

ಕಟ್ಟಡದ ತಾರಸಿ

ಪೇಟೆಯ ಮೂರು ನಾಲ್ಕು ಮಹಡಿಯ ಕಟ್ಟಡಕ್ಕೆ ಇದು ಮಧ್ಯಮ ದಾರಿ. ಕಂಬಕ್ಕಿಂತ ಎತ್ತರ, ಟವರಿಗಿಂತ ಬೇಗ. ಕರೆಂಟ್, ಬ್ಯಾಟರಿ ಇಡುವ ಜಾಗ ಎರಡೂ ಸಿಗುತ್ತದೆ. ಮಾಲೀಕರಿಗೆ ಬಾಡಿಗೆ. 2022ರ ತಿದ್ದುಪಡಿಯ ಪ್ರಕಾರ ಖಾಸಗಿ ಆಸ್ತಿಯ ಮೇಲೆ ಹಾಕುವ ಕಂಪನಿ ಸಂಬಂಧಪಟ್ಟ ಅಧಿಕಾರಿಗೆ ಮೊದಲೇ ಲಿಖಿತವಾಗಿ ತಿಳಿಸಬೇಕಿತ್ತು, ಕಟ್ಟಡ ತಡೆಯುತ್ತದೆ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಸರ್ಟಿಫಿಕೇಟ್ ಕೊಡಬೇಕಿತ್ತು.

ನಮ್ಮಲ್ಲಿ ನೋಡಬೇಕಾದ್ದು ಎರಡು. ತಾರಸಿಯ ಮೇಲೆ ತಗಡಿನ ಮಾಡು ಇದ್ದರೆ ಆಂಟೆನಾ ಅದರ ಮೇಲಕ್ಕೆ ಏಳಬೇಕು, ಅಡಿಯಲ್ಲಿ ಕೂರಿಸಿದರೆ ಪ್ರಯೋಜನ ಇಲ್ಲ. ಮತ್ತೆ ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಮೊದಲ ಮಳೆಗೇ ಸೋರಿಕೆ. ತೂಕದ ಕಟ್ಟೆ ಕಟ್ಟಿ ಅದರ ಮೇಲೆ ನಿಲ್ಲಿಸುವ ಕ್ರಮ ಇದೆ, ಒಪ್ಪಂದದಲ್ಲಿ ಅದನ್ನೇ ಬರೆಸಿ. ಹಳೆಯ ಹೆಂಚಿನ ಕಟ್ಟಡಗಳಿಗೆ ಇದು ಬೇಡ. ಬಾಡಿಗೆ ಬರುವುದು ಮಾಲೀಕರೊಬ್ಬರಿಗೆ, ಆತಂಕ ಇರುವುದು ಕೆಳಗಿನ ಮಹಡಿಯ ಬಾಡಿಗೆದಾರರಿಗೆ. ಅವರನ್ನು ಮೊದಲೇ ಕೂರಿಸಿ ಮಾತಾಡುವುದು ಒಳ್ಳೆಯದು.

ಮನೆಗೆ ಫೈಬರ್, ಫೋನಿಗೆ ವೈಫೈ ಕಾಲಿಂಗ್

ಒಳಕೋಣೆಯ ಸಮಸ್ಯೆ ಮಾತ್ರ ಇರುವವರು ಕಂಬ, ಟವರ್ ಯಾವುದಕ್ಕೂ ಕಾಯಬೇಕಾಗಿಲ್ಲ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ವೈಫೈ ಕಾಲಿಂಗ್ ಶುರು ಮಾಡಿವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಮನೆಯ ವೈಫೈ ಮೂಲಕವೇ ಸಾಮಾನ್ಯ ಕಾಲ್ ಹೋಗುತ್ತದೆ, ಬರುತ್ತದೆ. ಬೇರೆ ಆ್ಯಪ್ ಬೇಡ, ನಂಬರ್ ಅದೇ. ಹೆಚ್ಚಿನ ಫೋನುಗಳಲ್ಲಿ ಒಟಿಪಿ ಮೆಸೇಜೂ ಬರುತ್ತದೆ. ಬ್ಯಾಂಕ್ ಒಟಿಪಿಗಾಗಿ ಅಂಗಳಕ್ಕೆ ಓಡುವ ಅಜ್ಜ ಅಜ್ಜಿಯರಿಗೆ ಇದೇ ದೊಡ್ಡ ಉಪಕಾರ.

ಮನೆ ಉದ್ದಕ್ಕಿದ್ದರೆ ಒಂದು ರೂಟರ್ ಸಾಲುವುದಿಲ್ಲ. ಮುರಕಲ್ಲಿನ ಎರಡು ಗೋಡೆ ದಾಟಿದರೆ ವೈಫೈಯೂ ಸೊರಗುತ್ತದೆ. ಎರಡನೇ ರೂಟರ್ ಒಂದನ್ನು ಹಿಂದಿನ ಕೋಣೆಗೆ ಕೇಬಲ್ ಎಳೆದು ಕೊಡಿ. ರೂಟರಿಗೆ ಅಂತಲೇ ಬರುವ ಸಣ್ಣ ಯುಪಿಎಸ್ ಕೂಡ ತೆಗೆದುಕೊಳ್ಳಿ. ಕರೆಂಟ್ ಹೋದರೂ ಫೈಬರ್ ಕೆಲಸ ಮಾಡುತ್ತದೆ, ನಿಮ್ಮ ಡಬ್ಬಿಗೂ ಆಪರೇಟರ್ ಕಡೆಯ ಉಪಕರಣಕ್ಕೂ ಜೀವ ಇದ್ದರೆ ಸಾಕು. ಖರ್ಚು ನಿಮ್ಮದೇ, ಆದರೆ ವಾರದೊಳಗೆ ಕೆಲಸ ಮುಗಿಯುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ಬೇಡ. ಅನುಮತಿ ಇಲ್ಲದೆ ಅದನ್ನು ಇಡುವುದು, ಬಳಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಒಬ್ಬರ ಬೂಸ್ಟರ್ ಹುಟ್ಟಿಸುವ ಗದ್ದಲದಿಂದ ಸುತ್ತಲಿನ ಮನೆಗಳ ಸಿಗ್ನಲ್ ಕೆಡುತ್ತದೆ.

ಹಾಗಾದರೆ ನಿಮಗೆ ಯಾವುದು?

ಪೇಟೆಯ ವ್ಯಾಪಾರಿಗಳಿಗೆ, ಬಸ್ ನಿಲ್ದಾಣದ ಸುತ್ತ, ಜಿಲ್ಲಾ ಕಚೇರಿಗಳಿರುವ ವಿದ್ಯಾನಗರದಂಥ ಕಡೆಗೆ ಕಂಬದ ಆಂಟೆನಾವೇ ನನ್ನ ಆಯ್ಕೆ. ಸಂಜೆ ಆರರಿಂದ ಎಂಟರ ನಡುವೆ ಯುಪಿಐ ತಿರುಗುತ್ತಾ ಕೂತರೆ ಅಂಗಡಿಯವರಿಗೂ ಗಿರಾಕಿಗೂ ಕಿರಿಕಿರಿ. ಅದನ್ನು ನೇರವಾಗಿ ಸರಿ ಮಾಡುವುದು ಇದೊಂದೇ. ಬೀದಿ ತೀರಾ ಇಕ್ಕಟ್ಟು, ಕಂಬ ಕಿಟಕಿಗೆ ತಾಗಿದಂತಿದ್ದರೆ ಮಾತ್ರ ತಾರಸಿ.

ಫ್ಲ್ಯಾಟಿನವರಿಗೆ ಮೊದಲು ಫೈಬರ್ ಮತ್ತು ವೈಫೈ ಕಾಲಿಂಗ್. ಲಿಫ್ಟ್, ಪಾರ್ಕಿಂಗಿನಲ್ಲೂ ಬೇಕು ಅಂದರೆ ಕಟ್ಟಡದ ಒಳಗೇ ಆಂಟೆನಾ ಹಾಕಲು ಕಂಪನಿಯನ್ನೇ ಕೇಳಿ. ಹೊರಗಿನ ಕಂಬದಿಂದ ಬೇಸ್‌ಮೆಂಟಿಗೆ ಸಿಗ್ನಲ್ ಬರುತ್ತದೆ ಅಂತ ಕಾಯಬೇಡಿ.

ಕಡಲ ಕರೆಯ ಕಸಬಾ, ಅಡ್ಕತ್ತಬೈಲು, ಮೊಗ್ರಾಲ್ ಕಡೆಯವರು ಕಂಬದ ಆಂಟೆನಾ ಆರಿಸಿದರೆ ಉಪ್ಪು ಗಾಳಿಯನ್ನು ಲೆಕ್ಕಕ್ಕೆ ಹಿಡಿಯಿರಿ. ಸಾಧಾರಣ ಬಣ್ಣ ಹೊಡೆದ ಕಬ್ಬಿಣದ ಕ್ಲ್ಯಾಂಪ್ ಬೇಗ ತುಕ್ಕು ಹಿಡಿದು ಡಬ್ಬಿ ವಾಲುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್, ಬಿಸಿ ಸತುವಿನಲ್ಲಿ ಅದ್ದಿದ ಕ್ಲ್ಯಾಂಪ್, ಮಳೆ ನೀರು ಹೋಗದ ಐಪಿ66 ಡಬ್ಬಿ ಬೇಕು.

ಮಂಜೇಶ್ವರ, ತಲಪಾಡಿ ಗಡಿಯವರಿಗೆ ಬೇರೆ ತಲೆನೋವು ಇದೆ. ಫೋನ್ ಒಮ್ಮೆ ಕರ್ನಾಟಕದ ಟವರ್, ಒಮ್ಮೆ ಕೇರಳದ ಟವರ್ ಹಿಡಿಯುತ್ತದೆ. ಆ ಜಿಗಿತದಲ್ಲೇ ಕಾಲ್ ಕಡಿಯುವುದುಂಟು. ಇಲ್ಲಿ ಗಡಿಯ ಈಚೆ ಪೇಟೆಯೊಳಗೆ ಎರಡು ಮೂರು ಕಂಬದಲ್ಲಿ ಆಂಟೆನಾ ಬಂದರೆ ಫೋನ್ ಹತ್ತಿರದ್ದನ್ನೇ ಹಿಡಿದು ನಿಲ್ಲುತ್ತದೆ. ದೂರು ಕೊಡುವಾಗ ಯಾವ ಸರ್ಕಲ್ಲಿನ (ಕರ್ನಾಟಕದ್ದೋ ಕೇರಳದ್ದೋ) ಸಿಮ್, ಯಾವ ಜಾಗ ಎರಡನ್ನೂ ಬರೆಯಿರಿ.

ತೋಟದ ಮನೆಯವರಿಗೆ ಗುಡ್ಡದ ಟವರ್, ಅದು ಬರುವವರೆಗೆ ಮನೆಗೆ ಫೈಬರ್. ಮಧೂರು ದೇವಸ್ಥಾನದ ಉತ್ಸವ, ತಳಂಗರೆಯ ಮಾಲಿಕ್ ದೀನಾರ್ ಉರೂಸಿನಂಥ ಕೆಲವೇ ದಿನದ ಸಂದಣಿಗೆ ಶಾಶ್ವತ ಆಂಟೆನಾ ಅಗತ್ಯವಿಲ್ಲ. ಗಾಡಿಯ ಮೇಲೆ ತಂದು ನಿಲ್ಲಿಸುವ ತಾತ್ಕಾಲಿಕ ಟವರ್ ಕೇಳಿದರೆ ಸಾಕು.

ಒಪ್ಪಿಗೆ ಕೊಡುವ ಮೊದಲು

ದುಡ್ಡಿನ ಆಸೆಗೆ ಕಂಬ ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ. 2022ರ ತಿದ್ದುಪಡಿಯಲ್ಲಿ ಬೀದಿಯ ಒಂದು ಕಂಬಕ್ಕೆ ನಿಗದಿಯಾದ ಶುಲ್ಕ ನಗರದಲ್ಲಿ ವರ್ಷಕ್ಕೆ 300 ರೂಪಾಯಿ, ಹಳ್ಳಿಯಲ್ಲಿ 150. ಇಪ್ಪತ್ತು ಕಂಬಕ್ಕೆ ಆರು ಸಾವಿರ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2018ರಲ್ಲಿ ಒಂದು ಸಣ್ಣ ಆಂಟೆನಾಕ್ಕೆ ವರ್ಷಕ್ಕೆ 270 ಡಾಲರ್ ನ್ಯಾಯ ಅಂತ ಹೇಳಿತ್ತು. ನಮ್ಮಲ್ಲಿ ಶುಲ್ಕ ಬೇಕೆಂದೇ ಕಡಿಮೆ ಇಟ್ಟಿದ್ದಾರೆ, ಸೇವೆ ಬೇಗ ಬರಲಿ ಅಂತ. ಹಾಗಾಗಿ ನಮಗೆ ಸಿಗಬೇಕಾದ ಲಾಭ ಷರತ್ತುಗಳಲ್ಲೇ ಇದೆ.

ಅರ್ಜಿಗೆ ನಿಗದಿತ ಅವಧಿಯೊಳಗೆ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಿದಂತೆಯೇ ಅಂತ ನಿಯಮ ಇದೆ. ಪಂಚಾಯತ್ ಅರ್ಜಿಯನ್ನು ಕಡತದಲ್ಲಿ ಮಲಗಿಸಿದರೆ ಷರತ್ತು ಹಾಕುವ ಅವಕಾಶವೂ ಕೈತಪ್ಪುತ್ತದೆ. ಆದ್ದರಿಂದ ಅರ್ಜಿ ಬಂದ ವಾರದಲ್ಲೇ ಸಭೆ ಕರೆಯಿರಿ. ನೋಟಿಸ್ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ ಅಂತ ಒತ್ತಾಯಿಸಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಅದನ್ನು ಕೇಳುವುದು ನಮ್ಮ ಹಕ್ಕು. ಕಂಬದ ಪಕ್ಕದ ಮನೆಯವರಿಗೆ ವಿಷಯ ಮೊದಲು ಗೊತ್ತಾಗುವುದು ಏಣಿ ಇಟ್ಟ ದಿನ ಆಗಬಾರದು.

ಪತ್ರದಲ್ಲಿ ಇರಬೇಕಾದ್ದು: ಪ್ರತ್ಯೇಕ ಮೀಟರ್, ಬಿಲ್ ಕಂಪನಿಯದ್ದು. ಯಾವ ಯಾವ ಕಂಬ ಅಂತ ನಂಬರ್ ಸಮೇತ ಪಟ್ಟಿ. ಆಂಟೆನಾದ ಮುಖದಿಂದ ಹತ್ತಿರದ ಕಿಟಕಿಗೆ ಕನಿಷ್ಠ ಎಷ್ಟು ಮೀಟರ್ ಅಂತ ಸ್ಪಷ್ಟ ಸಂಖ್ಯೆ. ನಾನಾದರೆ 5 ಬರೆಸುತ್ತೇನೆ. ಕೆಳಗೆ ಆಫ್ ಸ್ವಿಚ್. ತುಲಾ ತಿಂಗಳ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಮತ್ತು ಪ್ರತ್ಯೇಕ ಅರ್ಥಿಂಗ್. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ಹಿಡಿಯುವುದಿಲ್ಲ, ಅದಕ್ಕೆ ಅಳತೆಯನ್ನು ಮಳೆಗಾಲದಲ್ಲಿ ಮಾಡದೆ ಏಪ್ರಿಲ್‌ನಲ್ಲಿ ಮಾಡಿಸಿ. ಎರಡನೇ ಕಂಪನಿ ಬಂದರೆ ಅದೇ ಫೈಬರ್, ಅದೇ ಪೆಟ್ಟಿಗೆ ಹಂಚಿಕೊಳ್ಳಬೇಕು, ಒಂದೇ ಕಂಬಕ್ಕೆ ಮೂರು ಡಬ್ಬಿ ನೇತಾಡಬಾರದು. ಕೆಟ್ಟರೆ ಫೋನ್ ಮಾಡಬೇಕಾದ ನಂಬರ್ ಡಬ್ಬಿಯ ಮೇಲೆ ಕನ್ನಡ ಮತ್ತು ಮಲಯಾಳದಲ್ಲಿ. ರಸ್ತೆ ಅಗಲಿಸಲು ಕಂಬ ಸರಿಸಬೇಕಾಗಿ ಬಂದರೆ ಖರ್ಚು ಅವರದ್ದು. ಕೊನೆಗೆ, ಸೇವೆ ನಿಲ್ಲಿಸಿದ ಮೇಲೆ ಡಬ್ಬಿ, ಕ್ಲ್ಯಾಂಪ್, ಕೇಬಲ್ ಎಲ್ಲವನ್ನೂ ಇಂತಿಷ್ಟು ದಿನದೊಳಗೆ ತೆಗೆದುಕೊಂಡು ಹೋಗಬೇಕು. ತೆಗೆಯದಿದ್ದರೆ ತೆಗೆಸಿದ ಖರ್ಚನ್ನು ಮೊದಲೇ ಇಟ್ಟ ಡೆಪಾಸಿಟ್‌ನಿಂದ ಹಿಡಿಯುವುದು.